ನೀರು ಉಳಿಸುವುದನ್ನು ಎಲ್ಲಿಂದ ಶುರು ಮಾಡಬೇಕು: ಮೀಟರಿನಿಂದ ಊಟದ ತಟ್ಟೆಯವರೆಗೆ

2018ರ ಫೆಬ್ರವರಿ 1ರಂದು ದಕ್ಷಿಣ ಆಫ್ರಿಕಾದ ಕೇಪ್ ಟೌನ್ ನಗರದಲ್ಲಿ ಒಬ್ಬರಿಗೆ ದಿನಕ್ಕೆ 50 ಲೀಟರ್ ಎಂಬ ನೀರಿನ ಮಿತಿ ಜಾರಿಗೆ ಬಂತು. ಸತತ ಮೂರು ವರ್ಷ ಮಳೆ ಕೈಕೊಟ್ಟು ಅಣೆಕಟ್ಟುಗಳು ಬರಿದಾಗುತ್ತಿದ್ದವು. ಸಂಗ್ರಹ ಶೇ. 13.5ಕ್ಕೆ ಇಳಿದ ದಿನ ಬಹುತೇಕ ಮನೆಗಳ ನಲ್ಲಿಗಳನ್ನು ಬಂದ್ ಮಾಡಿ, ಊರಿನ ಸುಮಾರು 200 ಕಡೆ ತಲಾ 25 ಲೀಟರ್ ಹಂಚುವುದೆಂದು ನಗರಾಡಳಿತ ತಯಾರಿ ಮಾಡಿಕೊಂಡಿತ್ತು. ಆ ದಿನಕ್ಕೆ ‘ಡೇ ಝೀರೋ’ ಎಂದು ಹೆಸರೂ ಇಟ್ಟಿತ್ತು.

ಆ ದಿನ ಬರಲಿಲ್ಲ. 2015ರಲ್ಲಿ ದಿನಕ್ಕೆ ಸುಮಾರು 120 ಕೋಟಿ ಲೀಟರ್ ಬಳಸುತ್ತಿದ್ದ ನಗರ, ಮೂರು ವರ್ಷದೊಳಗೆ ಅದರ ಅರ್ಧಕ್ಕಿಂತ ಕೆಳಗೆ ಇಳಿಯಿತು. ಜೂನ್ ತಿಂಗಳಿಗೆ ಮಳೆಯೂ ಬಂತು. ಜನ ಪಟ್ಟ ಶ್ರಮ ದೊಡ್ಡದು, ಆದರೆ ಬರೀ ‘ನೀರು ಉಳಿಸಿ’ ಎಂಬ ಫಲಕಗಳಿಂದ ಇಷ್ಟು ಆಗಲಿಲ್ಲ. ಕೊಳವೆಗಳಲ್ಲಿ ಒತ್ತಡ ಇಳಿಸಿದರು, ಅತಿಯಾಗಿ ಬಳಸುವ ಮನೆಗಳಿಗೆ ಹರಿವು ತಡೆಯುವ ಸಾಧನ ಕೂರಿಸಿದರು, ದರ ಏರಿಸಿದರು, ಯಾವ ಮನೆ ಮಿತಿಯೊಳಗಿದೆ ಎಂಬುದನ್ನು ನಕ್ಷೆಯಲ್ಲಿ ಎಲ್ಲರಿಗೂ ಕಾಣುವಂತೆ ಹಾಕಿದರು. ರೈತರ ಸಂಘವೊಂದು ತನ್ನ ಪಾಲಿನ ನೀರನ್ನು ನಗರಕ್ಕೆ ಬಿಟ್ಟುಕೊಟ್ಟಿತು. ಅಳತೆ, ಕೊಳಾಯಿ ದುರಸ್ತಿ, ಲೆಕ್ಕಾಚಾರ ಎಲ್ಲವೂ ಒಟ್ಟಿಗೆ ಕೆಲಸ ಮಾಡಿದವು.

ನೀರು ಉಳಿಸುವ ಸಲಹೆಗಳು ನಮಗೆ ಹೊಸದಲ್ಲ. ಹಲ್ಲುಜ್ಜುವಾಗ ನಲ್ಲಿ ನಿಲ್ಲಿಸಿ ಎಂಬ ಮಾತನ್ನು ಶಾಲೆಯಲ್ಲೇ ಕೇಳಿದ್ದೇವೆ. ಅದು ಸರಿಯಾದ ಮಾತೇ. ಆದರೆ ಸಣ್ಣ ಉಳಿತಾಯವೂ ದೊಡ್ಡ ಉಳಿತಾಯವೂ ಒಂದೇ ಸಾಲಿನಲ್ಲಿ ಬಂದಾಗ ಯಾವುದನ್ನು ಮೊದಲು ಮಾಡಬೇಕೆಂದು ಗೊತ್ತಾಗುವುದಿಲ್ಲ. ಹಾಗಾಗಿ ಈ ಲೇಖನದಲ್ಲಿ ಹಂತಗಳನ್ನು ಮೊದಲು ಅಳತೆ, ಆಮೇಲೆ ದುರಸ್ತಿ, ಅದಾದ ಮೇಲೆ ಅಭ್ಯಾಸ, ಕೊನೆಗೆ ಮನೆಯಾಚೆಯ ವಿಚಾರ ಎಂಬ ಕ್ರಮದಲ್ಲಿ ಇಟ್ಟಿದ್ದೇನೆ. ಕಣ್ಣಿಗೆ ಕಾಣುವ ನೀರಿಗಿಂತ ಕಾಣದೆ ಹೋಗುವ ನೀರೇ ಹೆಚ್ಚು ಎಂಬುದು ಇದರ ಹಿಂದಿರುವ ಲೆಕ್ಕ.

ಇರುವುದು ಎಷ್ಟು, ಹೋಗುತ್ತಿರುವುದು ಎಲ್ಲಿಗೆ

ಭೂಮಿಯ ಮೇಲಿನ ಒಟ್ಟು ನೀರಿನಲ್ಲಿ ಸಿಹಿನೀರು ಸುಮಾರು ಶೇ. 2.5 ಮಾತ್ರ. ಅದರಲ್ಲೂ ಮೂರನೇ ಎರಡು ಭಾಗಕ್ಕಿಂತ ಹೆಚ್ಚು ಧ್ರುವಗಳಲ್ಲಿ, ಪರ್ವತಗಳಲ್ಲಿ ಹಿಮವಾಗಿ ಕೂತಿದೆ. ಉಳಿದದ್ದರಲ್ಲಿ ಬಹುಪಾಲು ನೆಲದೊಳಗಿನ ಅಂತರ್ಜಲ. ನದಿ, ಕೆರೆ, ಸರೋವರಗಳಲ್ಲಿ ನಮ್ಮ ಕಣ್ಣಿಗೆ ಕಾಣುವ ನೀರು ಒಟ್ಟು ಸಿಹಿನೀರಿನ ಶೇ. 1ಕ್ಕಿಂತಲೂ ಕಡಿಮೆ.

ಈ ನೀರು ಮುಗಿದುಹೋಗುವ ಸರಕಲ್ಲ ನಿಜ. ಆವಿಯಾಗಿ, ಮೋಡವಾಗಿ, ಮಳೆಯಾಗಿ ಮರಳುತ್ತದೆ. ಆದರೆ ಬೇಕಾದ ಜಾಗಕ್ಕೆ, ಬೇಕಾದ ಹೊತ್ತಿಗೆ, ಕುಡಿಯುವಷ್ಟು ಶುದ್ಧವಾಗಿ ಮರಳುವುದಿಲ್ಲ. ಸಾವಿರಾರು ವರ್ಷ ಹನಿಹನಿಯಾಗಿ ಇಂಗಿದ ಅಂತರ್ಜಲವನ್ನು ಪಂಪು ಕೆಲವೇ ದಶಕಗಳಲ್ಲಿ ಎತ್ತಿಬಿಡುತ್ತದೆ. ಸಮುದ್ರ ತೀರದಲ್ಲಿ ಹಾಗೆ ಎತ್ತಿದರೆ ಖಾಲಿಯಾದ ಜಾಗಕ್ಕೆ ಉಪ್ಪುನೀರು ನುಗ್ಗುತ್ತದೆ. ಒಮ್ಮೆ ಉಪ್ಪಾದ ಬಾವಿ ಮತ್ತೆ ಸಿಹಿಯಾಗಲು ಬಹಳ ಕಾಲ ಬೇಕು. ‘ಸಮುದ್ರದ ನೀರನ್ನೇ ಶುದ್ಧ ಮಾಡಿದರಾಯಿತಲ್ಲ’ ಎನ್ನುವವರಿದ್ದಾರೆ. ಬೇರೆ ದಾರಿಯೇ ಇಲ್ಲದ ದೇಶಗಳು ಅದನ್ನು ಮಾಡುತ್ತಲೂ ಇವೆ. ಆದರೆ ಒಂದು ಸಾವಿರ ಲೀಟರಿಗೆ ಮೂರರಿಂದ ನಾಲ್ಕು ಯೂನಿಟ್ ವಿದ್ಯುತ್ ಬೇಕು, ಉಳಿಯುವ ಗಟ್ಟಿ ಉಪ್ಪುನೀರನ್ನು ಎಲ್ಲಾದರೂ ಬಿಡಲೇಬೇಕು. ಸಮುದ್ರದಿಂದ ದೂರ, ಎತ್ತರದಲ್ಲಿರುವ ಊರುಗಳಿಗೆ ಅದನ್ನು ಸಾಗಿಸುವ ಖರ್ಚು ಬೇರೆ.

ಜಗತ್ತಿನಲ್ಲಿ ನದಿ, ಕೆರೆ, ಅಂತರ್ಜಲದಿಂದ ಎತ್ತುವ ಸಿಹಿನೀರಿನಲ್ಲಿ ಸುಮಾರು ಶೇ. 70 ಕೃಷಿಗೆ ಹೋಗುತ್ತದೆ. ಕೈಗಾರಿಕೆಗೆ ಶೇ. 20ಕ್ಕಿಂತ ತುಸು ಕಡಿಮೆ, ಮನೆ ಮತ್ತು ಊರುಗಳಿಗೆ ಶೇ. 12ರ ಆಸುಪಾಸು. ಹಾಗಾದರೆ ಮನೆಯಲ್ಲಿ ಉಳಿಸಿ ಏನು ಪ್ರಯೋಜನ ಎಂದು ಕೇಳಬಹುದು. ಮನೆಗೆ ಬರುವುದು ಶುದ್ಧೀಕರಿಸಿದ, ದೂರದಿಂದ ಪಂಪು ಮಾಡಿ ತಂದ ನೀರು; ಊರಿನ ಜಲಮೂಲ ಬತ್ತಿದಾಗ ಮೊದಲು ಏಟು ಬೀಳುವುದೂ ಅದಕ್ಕೇ. ಕೇಪ್ ಟೌನ್ ಬಿಕ್ಕಟ್ಟು ದಾಟಿಕೊಂಡದ್ದು ಬಹುಮಟ್ಟಿಗೆ ಈ ನೀರಿನಲ್ಲಿ ಮಾಡಿದ ಉಳಿತಾಯದಿಂದ. ಕೃಷಿಯ ಆ ಶೇ. 70ರಲ್ಲಿ ನಮ್ಮ ತಟ್ಟೆ, ಬಟ್ಟೆಯ ಪಾಲೂ ಇದೆ. ಅದಕ್ಕೆ ಕೊನೆಯಲ್ಲಿ ಬರುತ್ತೇನೆ.

ವರ್ಷದಲ್ಲಿ ಕನಿಷ್ಠ ಒಂದು ತಿಂಗಳಾದರೂ ತೀವ್ರ ನೀರಿನ ಕೊರತೆ ಎದುರಿಸುವವರ ಸಂಖ್ಯೆ ಸುಮಾರು 400 ಕೋಟಿ ಎಂದು 2016ರಲ್ಲಿ ಪ್ರಕಟವಾದ ಅಧ್ಯಯನ ಲೆಕ್ಕ ಹಾಕಿತ್ತು. ಸುರಕ್ಷಿತ ಕುಡಿಯುವ ನೀರು ಮನೆಯ ಬಳಿ ಸಿಗದವರು 200 ಕೋಟಿಗೂ ಹೆಚ್ಚು. 2010ರ ಜುಲೈ 28ರಂದು ವಿಶ್ವಸಂಸ್ಥೆಯ ಮಹಾಸಭೆ ನೀರನ್ನು ಮನುಷ್ಯನ ಹಕ್ಕೆಂದು ಒಪ್ಪಿಕೊಂಡಿತು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಕುಡಿಯಲು, ಅಡುಗೆಗೆ, ಸ್ವಚ್ಛತೆಗೆ ಒಬ್ಬರಿಗೆ ದಿನಕ್ಕೆ 50ರಿಂದ 100 ಲೀಟರ್ ಬೇಕು. ಈ ಸಂಖ್ಯೆಯನ್ನು ನೆನಪಿಟ್ಟುಕೊಳ್ಳಿ, ಮುಂದಿನ ಹಂತಕ್ಕೆ ಬೇಕು.

ಹಂತ 1: ಮೊದಲು ಅಳೆಯಿರಿ

ನೀವು ದಿನಕ್ಕೆ ಎಷ್ಟು ಲೀಟರ್ ಬಳಸುತ್ತೀರಿ? ಹೆಚ್ಚಿನವರಿಗೆ ಗೊತ್ತಿರುವುದಿಲ್ಲ. ವಿದ್ಯುತ್ತಿನ ಯೂನಿಟ್ ಗೊತ್ತಿರುತ್ತದೆ, ಮೊಬೈಲಿನ ಡೇಟಾ ಎಷ್ಟು ಉಳಿದಿದೆ ಎಂಬುದೂ ಗೊತ್ತಿರುತ್ತದೆ, ನೀರಿನ ಲೆಕ್ಕ ಮಾತ್ರ ಇರುವುದಿಲ್ಲ.

ಮನೆಗೆ ನೀರಿನ ಮೀಟರ್ ಇದ್ದರೆ ಒಂದು ವಾರ ದಿನವೂ ಒಂದೇ ಹೊತ್ತಿಗೆ ಅಂಕಿ ಬರೆದಿಡಿ. ಸಾಮಾನ್ಯವಾಗಿ ಕಪ್ಪು ಅಂಕಿಗಳು ಘನ ಮೀಟರನ್ನೂ ಕೆಂಪು ಅಂಕಿಗಳು ಅದರ ಭಾಗಗಳನ್ನೂ ತೋರಿಸುತ್ತವೆ. ಒಂದು ಘನ ಮೀಟರ್ ಎಂದರೆ 1,000 ಲೀಟರ್. ವಾರದ ಬಳಕೆಯನ್ನು ಏಳರಿಂದ, ಆಮೇಲೆ ಮನೆಮಂದಿಯ ಸಂಖ್ಯೆಯಿಂದ ಭಾಗಿಸಿದರೆ ತಲಾ ದಿನದ ಬಳಕೆ ಸಿಗುತ್ತದೆ.

ಮೀಟರ್ ಇಲ್ಲದಿದ್ದರೆ ಟ್ಯಾಂಕನ್ನೇ ಅಳತೆಗೋಲು ಮಾಡಿಕೊಳ್ಳಿ. ಟ್ಯಾಂಕಿನ ಒಳಗಿನ ಉದ್ದ, ಅಗಲವನ್ನು ಮೀಟರಿನಲ್ಲಿ ಗುಣಿಸಿ. ತಳದ ಒಂದು ಚದರ ಮೀಟರಿಗೆ ನೀರು ಒಂದು ಸೆಂಟಿಮೀಟರ್ ಇಳಿದರೆ 10 ಲೀಟರ್ ಖರ್ಚಾಗಿದೆ ಎಂದರ್ಥ. ಒಂದು ಉದ್ದನೆಯ ಕೋಲಿಗೆ ಸೆಂಟಿಮೀಟರ್ ಗುರುತು ಹಾಕಿಕೊಂಡರೆ ಸಾಕು.

ಇದರ ಜೊತೆಗೆ ಪ್ರತಿ ನಲ್ಲಿ, ಶವರಿನ ಹರಿವನ್ನೂ ಒಮ್ಮೆ ಅಳೆಯಿರಿ. ಲೀಟರ್ ಗುರುತಿರುವ ಬಕೆಟ್ ಹಿಡಿದು, ನೀವು ಎಂದಿನಂತೆ ತಿರುಗಿಸುವಷ್ಟೇ ನಲ್ಲಿ ತಿರುಗಿಸಿ, 15 ಸೆಕೆಂಡಿನಲ್ಲಿ ತುಂಬಿದ್ದನ್ನು ನಾಲ್ಕರಿಂದ ಗುಣಿಸಿ. ಶವರಿನಿಂದ ನಿಮಿಷಕ್ಕೆ 10 ಲೀಟರ್ ಬರುತ್ತಿದ್ದರೆ, ಐದು ನಿಮಿಷದ ಸ್ನಾನಕ್ಕೇ 50 ಲೀಟರ್ ಹೋಯಿತು. ಕೇಪ್ ಟೌನಿನವರಿಗೆ ಇಡೀ ದಿನಕ್ಕೆ ಸಿಕ್ಕಿದ್ದು ಅಷ್ಟೇ. ಈ ಲೆಕ್ಕ ಕೈಯಲ್ಲಿ ಬರೆದು ಬಚ್ಚಲುಮನೆಯ ಬಾಗಿಲಿಗೆ ಅಂಟಿಸಿದರೆ ಮನೆಯವರಿಗೆ ಬೇರೆ ಉಪದೇಶ ಬೇಕಾಗುವುದಿಲ್ಲ.

ಹಂತ 2: ಸೋರಿಕೆ ಹುಡುಕಿ

ನನ್ನ ಮಟ್ಟಿಗೆ ಇಡೀ ಪಟ್ಟಿಯಲ್ಲಿ ಇದೇ ದೊಡ್ಡ ಕೆಲಸ. ಇದಕ್ಕೆ ಯಾರೂ ಅಭ್ಯಾಸ ಬದಲಿಸಬೇಕಿಲ್ಲ, ಯಾರ ಸ್ನಾನವನ್ನೂ ಮೊಟಕುಗೊಳಿಸಬೇಕಿಲ್ಲ. ಯಾರ ಬಳಕೆಗೂ ಬಾರದೆ ಹೋಗುವ ನೀರು ಇದು.

ರಾತ್ರಿ ಎಲ್ಲರೂ ಮಲಗುವ ಮುನ್ನ ಎಲ್ಲ ನಲ್ಲಿ ನಿಲ್ಲಿಸಿ, ವಾಷಿಂಗ್ ಮಷಿನ್, ನೀರಿನ ಫಿಲ್ಟರ್ ಆರಿಸಿ ಮೀಟರ್ ನೋಡಿ. ಅಂಕಿಗಳ ಪಕ್ಕದಲ್ಲಿ ನಕ್ಷತ್ರದಂತೆಯೋ ತ್ರಿಕೋನದಂತೆಯೋ ಒಂದು ಸಣ್ಣ ಚಕ್ರ ಇರುತ್ತದೆ. ತೀರ ಕಡಿಮೆ ಹರಿವಿಗೂ ಅದು ತಿರುಗುತ್ತದೆ. ಎಲ್ಲ ಬಂದ್ ಆಗಿದ್ದೂ ಅದು ನಿಧಾನಕ್ಕೆ ತಿರುಗುತ್ತಿದ್ದರೆ ಎಲ್ಲೋ ಸೋರುತ್ತಿದೆ. ಚಕ್ರವಿಲ್ಲದ ಮೀಟರ್ ಆದರೆ ಅಂಕಿ ಬರೆದಿಟ್ಟು ಎರಡು ಗಂಟೆ ಬಿಟ್ಟು ನೋಡಿ. ಮೀಟರಿನ ನೀರು ಮೊದಲು ಟ್ಯಾಂಕಿಗೆ ಬಂದು ಅಲ್ಲಿಂದ ಮನೆಗೆ ಹೋಗುವ ವ್ಯವಸ್ಥೆಯಿದ್ದರೆ ಈ ಪರೀಕ್ಷೆಯಲ್ಲಿ ಒಳಗಿನ ಸೋರಿಕೆ ಸಿಗದು. ಆಗ ಟ್ಯಾಂಕಿಗೆ ನೀರು ಬರುವ ವಾಲ್ವ್ ಮುಚ್ಚಿ, ರಾತ್ರಿ ಮತ್ತು ಬೆಳಿಗ್ಗೆಯ ಮಟ್ಟವನ್ನು ಕೋಲಿನಿಂದ ಅಳೆಯಿರಿ.

ಸೋರಿಕೆ ಇದೆ ಎಂದು ಗೊತ್ತಾದರೆ ಮೊದಲು ಅನುಮಾನಿಸಬೇಕಾದ್ದು ಶೌಚಾಲಯದ ಫ್ಲಶ್ ಟ್ಯಾಂಕನ್ನು. ನಲ್ಲಿ ತೊಟ್ಟಿಕ್ಕಿದರೆ ಶಬ್ದ ಕೇಳುತ್ತದೆ, ನೆಲ ಒದ್ದೆಯಾಗುತ್ತದೆ. ಫ್ಲಶ್ ಟ್ಯಾಂಕ್ ಸೋರಿದರೆ ನೀರು ಸದ್ದಿಲ್ಲದೆ ಕಮೋಡಿನ ಒಳಗೋಡೆಯ ಮೇಲೆ ಜಾರಿ ಚರಂಡಿ ಸೇರುತ್ತದೆ. ಕೆಟ್ಟ ಸೋರಿಕೆಯಾದರೆ ದಿನಕ್ಕೆ ನೂರಾರು ಲೀಟರ್ ಹೀಗೆ ಹೋಗಬಲ್ಲದು.

ಪರೀಕ್ಷೆ ಸುಲಭ. ಟ್ಯಾಂಕಿನ ಮುಚ್ಚಳ ತೆಗೆದು ಒಳಗಿನ ನೀರಿಗೆ ಆಹಾರಕ್ಕೆ ಬಳಸುವ ಬಣ್ಣದ ಕೆಲವು ಹನಿ ಹಾಕಿ. ಹದಿನೈದು ನಿಮಿಷ ಯಾರೂ ಫ್ಲಶ್ ಮಾಡಬಾರದು. ಆಮೇಲೆ ಕಮೋಡಿನೊಳಗೆ ನೋಡಿ. ಬಿಳಿ ಗೋಡೆಯ ಮೇಲೆ ಬಣ್ಣದ ಗೆರೆ ಇಳಿದಿದ್ದರೆ, ಅಥವಾ ತಳದ ನೀರಿಗೆ ಬಣ್ಣ ಬಂದಿದ್ದರೆ, ಟ್ಯಾಂಕಿನ ತಳದಲ್ಲಿರುವ ರಬ್ಬರಿನ ಮುಚ್ಚಳ ಸರಿಯಾಗಿ ಕೂರುತ್ತಿಲ್ಲ. ಅದನ್ನು ಕೈಯಿಂದ ಮುಟ್ಟಿ ನೋಡಿ: ಲೋಳೆಯಂತೆ ಜಾರುತ್ತದೆಯೇ, ಅಂಚು ಸೊಟ್ಟಗಾಗಿದೆಯೇ, ಗಡಸು ನೀರಿನ ಬಿಳಿ ಹುಡಿ ಕೂತಿದೆಯೇ? ಹುಡಿ ಮಾತ್ರವಾದರೆ ಉಜ್ಜಿ ತೊಳೆದರೆ ಸಾಕು, ರಬ್ಬರ್ ಕೆಟ್ಟಿದ್ದರೆ ಬದಲಿಸಿ. ಫ್ಲಶ್ ವ್ಯವಸ್ಥೆಯಲ್ಲಿ ತೀರ ಅಗ್ಗದ ಬಿಡಿಭಾಗಗಳಲ್ಲಿ ಇದೂ ಒಂದು.

ಅದೇ ಹೊತ್ತಿಗೆ ಟ್ಯಾಂಕಿನ ನಡುವೆ ನಿಂತಿರುವ ಓವರ್‌ಫ್ಲೋ ಕೊಳವೆಯನ್ನೂ ನೋಡಿ. ನೀರಿನ ಮಟ್ಟ ಅದರ ಬಾಯಿಗಿಂತ ಎರಡೂವರೆ ಸೆಂಟಿಮೀಟರಿನಷ್ಟು ಕೆಳಗಿರಬೇಕು. ಬಾಯಿಯ ಮಟ್ಟಕ್ಕೆ ಬಂದಿದ್ದರೆ ನೀರು ಸದಾ ಅದರೊಳಗೆ ಇಳಿಯುತ್ತಿರುತ್ತದೆ. ನೀರಿನ ಮೇಲೆ ತೇಲುತ್ತಾ ಒಳಹರಿವು ನಿಲ್ಲಿಸುವ ಫ್ಲೋಟನ್ನು ಸ್ವಲ್ಪ ತಗ್ಗಿಸಿದರೆ ನಿಲ್ಲುತ್ತದೆ. ಟ್ಯಾಂಕ್ ಗೋಡೆಯೊಳಗೆ ಅಡಗಿದ್ದು ಮುಚ್ಚಳ ತೆಗೆಯಲು ಆಗದಿದ್ದರೆ, ಕಮೋಡಿನ ಹಿಂಬದಿಯ ಒಳಗೋಡೆಯನ್ನು ಒಣಗಿಸಿ ಒಂದು ತುಂಡು ಟಿಶ್ಯೂ ಕಾಗದ ಅಂಟಿಸಿ ಬಿಡಿ. ಫ್ಲಶ್ ಮಾಡದೆಯೂ ಕಾಗದ ಒದ್ದೆಯಾದರೆ ಸೋರಿಕೆ ಖಚಿತ.

ತೊಟ್ಟಿಕ್ಕುವ ನಲ್ಲಿಯ ಕೆಳಗೆ ಒಂದು ಪಾತ್ರೆ ಇಟ್ಟು ಒಂದು ಗಂಟೆ ಬಿಡಿ. ಒಂದು ಲೀಟರ್ ತುಂಬಿದರೆ ದಿನಕ್ಕೆ 24 ಲೀಟರ್, ವರ್ಷಕ್ಕೆ 8,760 ಲೀಟರ್. ಹೆಚ್ಚಿನ ಸಲ ಒಳಗಿನ ವಾಷರ್ ಬದಲಿಸಿದರೆ ಸರಿಹೋಗುತ್ತದೆ. ನಲ್ಲಿಯನ್ನು ಇನ್ನಷ್ಟು ಬಿಗಿಯಾಗಿ ತಿರುಗಿಸುವುದು ಪರಿಹಾರವಲ್ಲ, ವಾಷರ್ ಇನ್ನೂ ಬೇಗ ಸವೆಯುತ್ತದೆ.

ಮೇಲಿನ ಟ್ಯಾಂಕ್ ತುಂಬಿ ಹರಿಯುವುದು ಇನ್ನೊಂದು. ಪಂಪು ಹಾಕಿ ಮರೆಯುವುದು ಎಲ್ಲ ಮನೆಗಳಲ್ಲೂ ಆಗುವಂಥದ್ದೇ, ಅದಕ್ಕೆ ಯಾರನ್ನೂ ದೂರುವುದು ಬೇಡ. ಟ್ಯಾಂಕ್ ತುಂಬಿದೊಡನೆ ಪಂಪನ್ನು ತಾನಾಗಿ ಆರಿಸುವ ಫ್ಲೋಟ್ ಸ್ವಿಚ್ ಹಾಕಿಸಿ.

ಹಂತ 3: ಒಮ್ಮೆ ಮಾಡಿ ಮರೆಯಬಹುದಾದ ಬದಲಾವಣೆಗಳು

ನಲ್ಲಿಯ ಬಾಯಿಗೆ ಏರೇಟರ್ ಹಾಕಿ. ಅದು ನೀರಿನೊಂದಿಗೆ ಗಾಳಿ ಬೆರೆಸುವುದರಿಂದ ಕಡಿಮೆ ನೀರಿನಲ್ಲೂ ಧಾರೆ ತುಂಬಿಕೊಂಡಂತೆ ಬರುತ್ತದೆ. ಕೈ ತೊಳೆಯುವ, ತರಕಾರಿ ತೊಳೆಯುವ ನಲ್ಲಿಗೆ ಇದು ಒಳ್ಳೆಯದು. ಬಕೆಟ್ ತುಂಬಿಸುವ ನಲ್ಲಿಗೆ ಹಾಕಿ ಪ್ರಯೋಜನವಿಲ್ಲ, ಬಕೆಟ್ ಹಿಡಿಯುವ ನೀರು ಅಷ್ಟೇ, ತುಂಬುವುದು ತಡವಾಗುತ್ತದೆ. ಕೆಲವು ತಿಂಗಳಿಗೊಮ್ಮೆ ಬಿಚ್ಚಿ ಜಾಲರಿಯಲ್ಲಿ ಕೂತ ಮರಳು ತೊಳೆಯಬೇಕು.

ಹಳೆಯ ಫ್ಲಶ್ ಟ್ಯಾಂಕುಗಳು ಒಂದು ಸಲಕ್ಕೆ 13 ಲೀಟರ್ ಅಥವಾ ಅದಕ್ಕಿಂತ ಹೆಚ್ಚು ಸುರಿಯುತ್ತವೆ. ಈಗಿನವು 6 ಲೀಟರ್ ಅಥವಾ ಅದಕ್ಕಿಂತ ಕಡಿಮೆಯಲ್ಲಿ ಅದೇ ಕೆಲಸ ಮಾಡುತ್ತವೆ. ಎರಡು ಗುಂಡಿಗಳ ಫ್ಲಶ್ 1980ರ ದಶಕದಲ್ಲಿ ಆಸ್ಟ್ರೇಲಿಯಾದಲ್ಲಿ ಬಳಕೆಗೆ ಬಂತು. ನೀರಿನ ಅಭಾವವೇ ಅದರ ಹಿಂದಿನ ಕಾರಣ. ಮನೆಯಲ್ಲಿ ನಾಲ್ಕು ಜನ, ತಲಾ ಐದು ಸಲ ಫ್ಲಶ್ ಎಂದಿಟ್ಟುಕೊಂಡರೆ 13 ಲೀಟರಿನ ಟ್ಯಾಂಕಿಗೆ ದಿನಕ್ಕೆ 260 ಲೀಟರ್, 6 ಲೀಟರಿನದಕ್ಕೆ 120. ಹೊಸದು ಹಾಕಿಸಲು ಆಗದಿದ್ದರೆ ನೀರು ತುಂಬಿ ಮುಚ್ಚಿದ ಒಂದು ಲೀಟರಿನ ಬಾಟಲಿಯನ್ನು ಹಳೆಯ ಟ್ಯಾಂಕಿನ ಮೂಲೆಯಲ್ಲಿ ಇಡಿ, ಪ್ರತಿ ಸಲ ಒಂದು ಲೀಟರ್ ಉಳಿಯುತ್ತದೆ. ಇಟ್ಟಿಗೆ ಇಡಬೇಡಿ. ಅದು ಕರಗಿ ಉದುರಿದ ಪುಡಿ ರಬ್ಬರಿನ ಕೆಳಗೆ ಸಿಕ್ಕಿ ಸೋರಿಕೆ ಶುರುವಾಗುತ್ತದೆ. ಬಾಟಲಿ ಇಟ್ಟ ಮೇಲೆ ಎರಡೆರಡು ಸಲ ಫ್ಲಶ್ ಮಾಡುವಂತಾದರೆ ಅದನ್ನೂ ತೆಗೆದುಬಿಡಿ.

ಬಿಸಿನೀರಿನ ಕೊಳವೆ ಉದ್ದವಾಗಿದ್ದರೆ ಬಿಸಿ ಬರುವ ತನಕ ತಣ್ಣೀರು ಸುಮ್ಮನೆ ಹರಿದುಹೋಗುತ್ತದೆ. ಆ ನೀರಿಗೆ ಒಂದು ಬಕೆಟ್ ಹಿಡಿಯಿರಿ, ಅದು ಶುದ್ಧ ನೀರೇ. ಹೊಸ ಮನೆ ಕಟ್ಟಿಸುವವರಿದ್ದರೆ ಹೀಟರನ್ನು ಬಚ್ಚಲಿಗೆ ಆದಷ್ಟು ಹತ್ತಿರ ಇಡಲು ಈಗಲೇ ಹೇಳಿ, ಆಮೇಲೆ ಗೋಡೆ ಒಡೆಯುವುದು ಕಷ್ಟ.

ಹಂತ 4: ಅಭ್ಯಾಸಗಳು

ಇವು ಎಲ್ಲರಿಗೂ ಗೊತ್ತು, ಹಾಗಾಗಿ ಬೇಗ ಮುಗಿಸುತ್ತೇನೆ. ಶವರಿನ ಬದಲು ಒಂದು ಬಕೆಟ್ ನೀರಿನ ಸ್ನಾನ. ಶವರೇ ಬೇಕೆಂದರೆ ಸೋಪು ಹಚ್ಚುವಾಗ ನಿಲ್ಲಿಸುವುದು. ವಾಷಿಂಗ್ ಮಷಿನ್ ಪೂರ್ತಿ ತುಂಬಿದಾಗಲೇ ಹಾಕುವುದು. ಪಾತ್ರೆಗಳನ್ನು ಹರಿಯುವ ನೀರಿನಲ್ಲಿ ಉಜ್ಜದೆ, ಮೊದಲು ಎಲ್ಲವನ್ನೂ ಉಜ್ಜಿಟ್ಟುಕೊಂಡು ಆಮೇಲೆ ತೊಳೆಯುವುದು. ವಾಹನವನ್ನು ಪೈಪಿನ ಬದಲು ಒದ್ದೆ ಬಟ್ಟೆಯಿಂದ ಒರೆಸುವುದು. ಅಂಗಳದ ಧೂಳಿಗೆ ಪೊರಕೆ ಸಾಕು, ಪೈಪು ಬೇಡ. ಕೈ ತೊಳೆಯುವುದರಲ್ಲಿ ಮಾತ್ರ ಜಿಪುಣತನ ಬೇಡ. ಸೋಪು ಹಾಕಿ ಉಜ್ಜುವಾಗ ನಲ್ಲಿ ನಿಲ್ಲಿಸಿದರೆ ಸಾಕು.

ಹಂತ 5: ಒಮ್ಮೆ ಬಳಸಿದ ನೀರಿಗೆ ಎರಡನೇ ಕೆಲಸ

ಆರ್‌ಒ ಫಿಲ್ಟರ್ ಇರುವ ಮನೆಯಲ್ಲಿ ಇಲ್ಲಿಂದ ಶುರು ಮಾಡಿ. ಒಂದು ಲೀಟರ್ ಕುಡಿಯುವ ನೀರು ಕೊಡಲು ಈ ಯಂತ್ರ ಅದಕ್ಕಿಂತ ಹೆಚ್ಚು ನೀರನ್ನು, ಹಳೆಯ ಮಾದರಿಗಳಲ್ಲಿ ಅದರ ಮೂರು ಪಟ್ಟಿನಷ್ಟನ್ನು, ಸಣ್ಣ ಕೊಳವೆಯಿಂದ ಹೊರಗೆ ಬಿಡುತ್ತದೆ. ಆ ಕೊಳವೆಯ ತುದಿಗೆ ಕ್ಯಾನ್ ಇಟ್ಟು ನಿಮ್ಮ ಯಂತ್ರದ ಲೆಕ್ಕವನ್ನು ನೀವೇ ನೋಡಿ. ಈ ನೀರು ನೆಲ ಒರೆಸಲು, ಫ್ಲಶ್ ಮಾಡಲು, ಪಾತ್ರೆಯ ಮೊದಲ ತೊಳೆತಕ್ಕೆ ಆಗುತ್ತದೆ. ಲವಣದ ಅಂಶ ಹೆಚ್ಚಿರುವುದರಿಂದ ಗಿಡಗಳಿಗೆ ದಿನವೂ ಇದನ್ನೇ ಹಾಕಬೇಡಿ, ಮಣ್ಣಿನಲ್ಲಿ ಉಪ್ಪು ಸೇರಿಕೊಳ್ಳುತ್ತದೆ. ಇನ್ನೂ ಮುಖ್ಯವಾದ ಪ್ರಶ್ನೆ ಎಂದರೆ ನಿಮ್ಮ ನೀರಿಗೆ ಆರ್‌ಒ ಬೇಕೇ ಬೇಕೇ ಎಂಬುದು. ನೀರನ್ನು ಪರೀಕ್ಷೆ ಮಾಡಿಸಿ; ಕರಗಿದ ಲವಣ ಕಡಿಮೆ ಇದ್ದು ಸೂಕ್ಷ್ಮಾಣುಗಳ ಭಯ ಮಾತ್ರ ಇದ್ದರೆ, ಕುದಿಸುವುದು ಅಥವಾ ನೀರು ಚೆಲ್ಲದ ಬೇರೆ ಬಗೆಯ ಫಿಲ್ಟರ್ ಸಾಕಾಗುತ್ತದೆ.

ಎಸಿಯಿಂದ ಇಳಿಯುವ ನೀರು ಗಾಳಿಯ ತೇವ ತಣ್ಣಗಾಗಿ ಬಂದದ್ದು, ಅದರಲ್ಲಿ ಲವಣ ಇಲ್ಲವೆಂಬಷ್ಟು ಕಡಿಮೆ. ಕುಡಿಯಬಾರದು, ಆದರೆ ನೆಲ ಒರೆಸಲು ಚೆನ್ನ.

ಸ್ನಾನದ, ಬಟ್ಟೆ ಒಗೆದ ನೀರನ್ನು ಗಿಡಗಳಿಗೆ ಬಿಡುವುದಾದರೆ ಕೆಲವು ಎಚ್ಚರಿಕೆಗಳಿವೆ. ಅದೇ ದಿನ ಬಳಸಿ; ಒಂದು ದಿನ ದಾಟಿ ಇಟ್ಟರೆ ಕೊಳೆತು ನಾರುತ್ತದೆ, ರೋಗಾಣು ಬೆಳೆಯುತ್ತದೆ. ಎಲೆಯ ಮೇಲೆ ಸಿಂಪಡಿಸದೆ ಬುಡದ ಮಣ್ಣಿಗೆ ಬಿಡಿ. ಹಸಿಯಾಗಿ ತಿನ್ನುವ ಸೊಪ್ಪು, ಗಡ್ಡೆಗಳಿಗೆ ಬೇಡ. ಬ್ಲೀಚ್ ಹಾಕಿದ ನೀರು, ಮಗುವಿನ ಮಲದ ಬಟ್ಟೆ ಒಗೆದ ನೀರು ಚರಂಡಿಗೇ ಹೋಗಲಿ. ಅಡುಗೆಮನೆಯ ಜಿಡ್ಡಿನ ನೀರು ಮಣ್ಣಿನ ರಂಧ್ರಗಳನ್ನು ಕಟ್ಟಿಬಿಡುತ್ತದೆ, ಅದನ್ನೂ ದೂರವಿಡಿ.

ಹಂತ 6: ಮಳೆನೀರು

ಲೆಕ್ಕ ಇಷ್ಟೇ: ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. 100 ಚದರ ಮೀಟರಿನ ಚಾವಣಿಯ ಮೇಲೆ 20 ಮಿ.ಮೀ. ಮಳೆ ಎಂದರೆ 2,000 ಲೀಟರ್. ಆವಿ, ಚೆಲ್ಲುವುದು ಎಂದು ಐದನೇ ಒಂದು ಭಾಗ ಬಿಟ್ಟರೂ 1,600 ಲೀಟರ್ ಕೈಗೆ ಸಿಗುತ್ತದೆ. ನಿಮ್ಮ ಊರಿನ ವಾರ್ಷಿಕ ಮಳೆಯ ಅಂಕಿ ಹಾಕಿ ನೋಡಿ.

ಸಂಗ್ರಹಿಸುವ ಕ್ರಮ ಹೀಗೆ. ಮಳೆಗಾಲಕ್ಕೆ ಮುಂಚೆ ಚಾವಣಿ, ಅದರಂಚಿನ ನೀರು ಹರಿಯುವ ದೋಣಿ ಗುಡಿಸಿ. ಮೊದಲ ಒಂದೆರಡು ಮಿಲಿಮೀಟರ್ ಮಳೆ ಧೂಳು, ಹಕ್ಕಿಯ ಹಿಕ್ಕೆ ತೊಳೆದುಕೊಂಡು ಬರುತ್ತದೆ, ಅದನ್ನು ಬೇರೆ ಕೊಳವೆಯಿಂದ ಹೊರಬಿಡಿ. ಉಳಿದದ್ದು ಜಾಲರಿ, ಜಲ್ಲಿ, ಮರಳಿನ ಪದರ ದಾಟಿ ಟ್ಯಾಂಕಿಗೆ ಹೋಗಲಿ. ಟ್ಯಾಂಕಿಗೆ ಬೆಳಕು ಬೀಳಬಾರದು, ಪಾಚಿ ಕಟ್ಟುತ್ತದೆ. ಎಲ್ಲ ಬಾಯಿಗಳಿಗೂ ಸಣ್ಣ ಕಣ್ಣಿನ ಬಲೆ ಇರಬೇಕು, ಇಲ್ಲದಿದ್ದರೆ ಸೊಳ್ಳೆ ಮೊಟ್ಟೆಯಿಡುತ್ತದೆ. ಕುಡಿಯುವುದಾದರೆ ಪರೀಕ್ಷೆ ಮಾಡಿಸಿ, ಸೋಂಕು ನಿವಾರಿಸಿಯೇ ಕುಡಿಯಿರಿ.

ಟ್ಯಾಂಕಿಗೆ ಜಾಗವಿಲ್ಲದವರು ನೀರನ್ನು ನೆಲಕ್ಕೆ ಇಂಗಿಸಬಹುದು. ಗುಂಡಿ ತೋಡಿ ಕೆಳಗೆ ದಪ್ಪ ಕಲ್ಲು, ಮೇಲೆ ಜಲ್ಲಿ, ಅದರ ಮೇಲೆ ಮರಳು ತುಂಬಿದರೆ ಇಂಗುಗುಂಡಿ ಸಿದ್ಧ. ಶೌಚದ ಗುಂಡಿಯಿಂದ, ಕಟ್ಟಡದ ಅಡಿಪಾಯದಿಂದ ದೂರದಲ್ಲಿರಲಿ. ರಸ್ತೆಯ ಎಣ್ಣೆ ಬೆರೆತ ನೀರನ್ನಾಗಲಿ ಸೋಸದ ನೀರನ್ನಾಗಲಿ ನೇರವಾಗಿ ಕೊಳವೆಬಾವಿಗೆ ಬಿಡಲೇಬೇಡಿ. ಮಣ್ಣು ಸೋಸಿ ಶುದ್ಧ ಮಾಡುವ ಪದರಗಳನ್ನೆಲ್ಲ ದಾಟಿ ಕೊಳಕು ಸೀದಾ ಅಂತರ್ಜಲಕ್ಕೆ ಸೇರುತ್ತದೆ. ಅಲ್ಲಿಂದ ಅದನ್ನು ತೆಗೆಯಲು ಯಾರಿಂದಲೂ ಸುಲಭವಾಗಿ ಆಗದು.

ಹಂತ 7: ಗಿಡಗಳಿಗೆ

ನೀರು ಹಾಕುವ ಮುನ್ನ ಬೆರಳನ್ನು ಎರಡು ಗೆಣ್ಣಿನಷ್ಟು ಮಣ್ಣಿಗೆ ಇಳಿಸಿ ನೋಡಿ. ತೇವ ತಗುಲಿದರೆ ಇವತ್ತು ಬೇಡ. ಬಿಸಿಲೇರುವ ಮುಂಚೆ ಹಾಕಿದರೆ ಆವಿಯಾಗುವುದು ಕಡಿಮೆ. ಬುಡಕ್ಕೆ ಒಣ ಎಲೆ, ಹುಲ್ಲಿನ ಹೊದಿಕೆ ಹಾಕಿದರೆ ತೇವ ಬಹಳ ಹೊತ್ತು ನಿಲ್ಲುತ್ತದೆ. ದೊಡ್ಡ ತೋಟವಾದರೆ ಹನಿ ನೀರಾವರಿ. ಇಸ್ರೇಲಿನ ಹತ್ಸೇರಿಮ್ ಕಿಬ್ಬುತ್ಸ್‌ನಲ್ಲಿ (ಎಲ್ಲರೂ ಕೂಡಿ ಬೇಸಾಯ ಮಾಡುವ ಹಳ್ಳಿಯಲ್ಲಿ) 1965ರಲ್ಲಿ ಇದರ ವಾಣಿಜ್ಯ ತಯಾರಿಕೆ ಶುರುವಾಯಿತು. ಬೇರಿನ ಬಳಿ ಮಾತ್ರ ನೀರು ಬೀಳುವುದರಿಂದ ಹಾಯಿಸುವ ಪದ್ಧತಿಗಿಂತ ಬಹಳ ಕಡಿಮೆ ಸಾಕು. ಆದರೆ ಉಳಿದ ನೀರಿನಲ್ಲಿ ಇನ್ನಷ್ಟು ಜಾಗಕ್ಕೆ ಬೆಳೆ ವಿಸ್ತರಿಸಿದರೆ ಅಂತರ್ಜಲಕ್ಕೆ ಏನೂ ಉಳಿಯುವುದಿಲ್ಲ, ಹಲವು ದೇಶಗಳಲ್ಲಿ ಹೀಗೇ ಆಗಿದೆ.

ಹಂತ 8: ಕೆಡಿಸದಿರುವುದೂ ಉಳಿಸಿದಂತೆಯೇ

ಕರಿದು ಉಳಿದ ಎಣ್ಣೆ, ಅವಧಿ ಮೀರಿದ ಮಾತ್ರೆ, ಬಣ್ಣ ತೊಳೆದ ಥಿನ್ನರ್, ಕೀಟನಾಶಕದ ತಳದ ದ್ರವ, ಇವು ಸಿಂಕಿಗೂ ಕಮೋಡಿಗೂ ಹೋಗಬಾರದು. ಔಷಧಿಗಳ ಅಂಶವನ್ನು ಪೂರ್ತಿ ತೆಗೆಯುವಂತೆ ಹೆಚ್ಚಿನ ಶುದ್ಧೀಕರಣ ಘಟಕಗಳು ರೂಪುಗೊಂಡೇ ಇಲ್ಲ. ಎಣ್ಣೆಯನ್ನು ತಣ್ಣಗಾಗಿಸಿ ಮುಚ್ಚಳದ ಡಬ್ಬಿಯಲ್ಲಿ ಕಸಕ್ಕೆ ಹಾಕಿ. ಮಾತ್ರೆಗಳನ್ನು ವಾಪಸ್ ಪಡೆಯುವ ಔಷಧಿ ಅಂಗಡಿ ಇದೆಯೇ ಕೇಳಿ. ಸೋಪಿನ ಪುಡಿ ಹೆಚ್ಚು ಹಾಕಿದರೆ ಬಟ್ಟೆ ಹೆಚ್ಚು ಶುಭ್ರವಾಗುವುದಿಲ್ಲ, ಜಾಲಿಸಲು ಮಾತ್ರ ಹೆಚ್ಚು ನೀರು ಬೇಕಾಗುತ್ತದೆ.

ಹಂತ 9: ತಟ್ಟೆಯಲ್ಲಿ, ಕಪಾಟಿನಲ್ಲಿ ಇರುವ ನೀರು

ಒಂದು ವಸ್ತು ತಯಾರಾಗಲು ಒಟ್ಟು ಎಷ್ಟು ನೀರು ಬೇಕಾಯಿತು ಎಂಬ ಲೆಕ್ಕಕ್ಕೆ ‘ನೀರಿನ ಹೆಜ್ಜೆಗುರುತು’ ಎನ್ನುತ್ತಾರೆ. ನೆದರ್ಲೆಂಡ್ಸಿನ ವಿಜ್ಞಾನಿ ಆರ್ಯೆನ್ ಹೂಕ್ಸ್‌ಟ್ರಾ 2002ರಲ್ಲಿ ಈ ಕಲ್ಪನೆ ಮುಂದಿಟ್ಟರು. ಜಾಗತಿಕ ಸರಾಸರಿಯಲ್ಲಿ ಒಂದು ಕಿಲೋ ಅಕ್ಕಿಗೆ ಸುಮಾರು 2,500 ಲೀಟರ್, ಒಂದು ಹತ್ತಿ ಅಂಗಿಗೂ ಹೆಚ್ಚುಕಡಿಮೆ ಅಷ್ಟೇ, ಒಂದು ಕಿಲೋ ದನದ ಮಾಂಸಕ್ಕೆ ಸುಮಾರು 15,400 ಲೀಟರ್.

ಈ ಅಂಕಿಗಳನ್ನು ಹಾಗೆಯೇ ಹಿಡಿದು ಹೆದರುವುದು ಸರಿಯಲ್ಲ. ಇದರಲ್ಲಿ ಬೆಳೆಯ ಮೇಲೆ, ಹುಲ್ಲುಗಾವಲಿನ ಮೇಲೆ ತಾನಾಗಿ ಬಿದ್ದ ಮಳೆಯೂ ಸೇರಿದೆ. ದನದ ಮಾಂಸದ ಲೆಕ್ಕದಲ್ಲಿ ಬಹುಪಾಲು ಅದೇ. ಮಳೆಯಾಶ್ರಿತ ನೆಲದಲ್ಲಿ ಬೆಳೆದ ಒಂದು ಕಿಲೋ ಧಾನ್ಯಕ್ಕೂ, ಬತ್ತುತ್ತಿರುವ ಅಂತರ್ಜಲ ಎತ್ತಿ ಒಣಪ್ರದೇಶದಲ್ಲಿ ಬೆಳೆದ ಒಂದು ಕಿಲೋಗೂ ಬಹಳ ವ್ಯತ್ಯಾಸವಿದೆ. ನೋಡಬೇಕಾದ್ದು ಎಷ್ಟು ನೀರು ಎಂಬುದರ ಜೊತೆಗೆ ಎಲ್ಲಿಯ ನೀರು ಎಂಬುದನ್ನೂ.

ಇದಕ್ಕೆ ಅರಲ್ ಸಮುದ್ರಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. 1960ರವರೆಗೆ ಅದು ಜಗತ್ತಿನ ನಾಲ್ಕನೇ ಅತಿದೊಡ್ಡ ಸರೋವರ. ಅದಕ್ಕೆ ನೀರುಣಿಸುತ್ತಿದ್ದ ಅಮು ದರಿಯಾ, ಸಿರ್ ದರಿಯಾ ನದಿಗಳನ್ನು ಸೋವಿಯತ್ ಸರ್ಕಾರ ಹತ್ತಿಯ ಹೊಲಗಳಿಗೆ ತಿರುಗಿಸಿತು. 2007ರ ಹೊತ್ತಿಗೆ ಸರೋವರ ಮೂಲ ಗಾತ್ರದ ಹತ್ತನೇ ಒಂದು ಭಾಗಕ್ಕೆ ಕುಗ್ಗಿತ್ತು. ಮೀನುಗಾರಿಕೆ ನಿಂತಿತು, ದಡದ ಬಂದರುಗಳು ನೀರಿನಿಂದ ಎಷ್ಟೋ ಕಿಲೋಮೀಟರ್ ದೂರವಾದವು, ಒಣಗಿದ ತಳದಿಂದ ಉಪ್ಪು, ಕೀಟನಾಶಕ ಬೆರೆತ ಧೂಳು ಊರುಗಳ ಮೇಲೆ ಬಂತು. ಅಲ್ಲಿಯ ಹತ್ತಿ ಎಲ್ಲೆಲ್ಲಿಯ ಜನರ ಅಂಗಿಯಾಯಿತೋ, ತೊಟ್ಟವರಿಗೆ ಆ ಸರೋವರದ ಹೆಸರೂ ಗೊತ್ತಿರಲಿಕ್ಕಿಲ್ಲ.

ಹಾಗಾಗಿ ಬಟ್ಟೆಯನ್ನು ಕಡಿಮೆ ಕೊಂಡು ಹೆಚ್ಚು ಕಾಲ ಉಡಿ, ಹರಿದದ್ದನ್ನು ಹೊಲಿಸಿ, ಬೇಡದ್ದನ್ನು ಬೇಕಾದವರಿಗೆ ಕೊಡಿ. ಇನ್ನು ಊಟ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ಅಂದಾಜಿನಂತೆ 2022ರಲ್ಲಿ ಮನೆ, ಹೋಟೆಲ್, ಅಂಗಡಿಗಳಲ್ಲಿ ವ್ಯರ್ಥವಾದ ಆಹಾರ ಸುಮಾರು 105 ಕೋಟಿ ಟನ್. ಅದನ್ನು ಬೆಳೆದ ನೀರೂ ಅದರೊಂದಿಗೇ ಹೋಯಿತು. ಒಂದು ಕಿಲೋ ಅಕ್ಕಿಯ ಅನ್ನ ಎಸೆಯುವುದು 15 ಲೀಟರಿನ 160ಕ್ಕೂ ಹೆಚ್ಚು ಬಕೆಟ್ ನೀರಿಗೆ ಸಮ. ಇಷ್ಟು ನೀರನ್ನು ನಲ್ಲಿಯಲ್ಲಿ ಉಳಿಸಲು ತಿಂಗಳುಗಳೇ ಬೇಕಾಗಬಹುದು. ಅಡುಗೆಗೆ ಮೊದಲು ಎಷ್ಟು ಜನ ಉಣ್ಣುತ್ತಾರೆಂದು ಕೇಳಿಕೊಳ್ಳಿ, ಹಳೆಯದನ್ನು ಮುಂದೆ, ಹೊಸದನ್ನು ಹಿಂದೆ ಇಟ್ಟು ಕಪಾಟು ಜೋಡಿಸಿ, ಉಳಿದದ್ದಕ್ಕೆ ದಿನಾಂಕ ಬರೆದಿಡಿ.

ಹಂತ 10: ಮನೆಯ ಗೇಟಿನಾಚೆ

ಕಾಂಬೋಡಿಯಾದ ರಾಜಧಾನಿ ನೋಮ್ ಪೆನ್‌ನಲ್ಲಿ 1993ರಲ್ಲಿ ಶುದ್ಧೀಕರಿಸಿ ಬಿಟ್ಟ ನೀರಿನ ಶೇ. 72ರಷ್ಟು ಸೋರಿಕೆಗೋ ಕಳ್ಳತನಕ್ಕೋ ಹೋಗಿ ಲೆಕ್ಕಕ್ಕೇ ಸಿಗುತ್ತಿರಲಿಲ್ಲ. ಯುದ್ಧದಿಂದ ಜರ್ಝರಿತವಾದ ಆ ನಗರ ಹಳೆಯ ಕೊಳವೆ ಬದಲಿಸಿ, ಪ್ರತಿ ಸಂಪರ್ಕಕ್ಕೂ ಮೀಟರ್ ಕೂರಿಸಿ, ಸೋರಿಕೆ ಸರಿಪಡಿಸಲು ಹಗಲು ರಾತ್ರಿ ತಂಡಗಳನ್ನು ಇಟ್ಟು, ಎರಡು ದಶಕದೊಳಗೆ ಅದನ್ನು ಶೇ. 6ರ ಆಸುಪಾಸಿಗೆ ಇಳಿಸಿತು. ನಮೀಬಿಯಾದ ವಿಂಡ್‌ಹುಕ್ 1968ರಿಂದಲೇ ಒಳಚರಂಡಿ ನೀರನ್ನು ಕುಡಿಯುವ ಮಟ್ಟಕ್ಕೆ ಶುದ್ಧೀಕರಿಸಿ ಊರಿಗೆ ಕೊಡುತ್ತಿದೆ. ಶ್ರೀಮಂತ ದೇಶಗಳಿಗಷ್ಟೇ ಸಾಧ್ಯ ಎನ್ನುವ ಮಾತಿಗೆ ಈ ಎರಡು ಊರುಗಳೇ ಉತ್ತರ.

ನಿಮ್ಮ ಊರಿನ ನೀರು ಸರಬರಾಜು ಕಚೇರಿಗೆ ಮೂರು ಪ್ರಶ್ನೆ ಬರೆದು ಕೇಳಿ: ವ್ಯವಸ್ಥೆಗೆ ಬಿಟ್ಟ ನೀರೆಷ್ಟು, ಬಿಲ್ ಆದದ್ದೆಷ್ಟು? ಸೋರಿಕೆಯ ದೂರು ಬಂದರೆ ಎಷ್ಟು ಗಂಟೆಯಲ್ಲಿ ಸರಿಪಡಿಸುತ್ತೀರಿ? ಶುದ್ಧೀಕರಿಸಿದ ಕೊಳಚೆ ನೀರು ಎಲ್ಲಿಗೆ ಹೋಗುತ್ತದೆ? ಒಬ್ಬರು ಕೇಳಿದರೆ ಉತ್ತರ ಬಾರದೆ ಇರಬಹುದು, ಬೀದಿಯವರೆಲ್ಲ ಸಹಿ ಹಾಕಿ ಕೇಳಿದರೆ ಬರುವ ಸಂಭವ ಹೆಚ್ಚು. ಅಪಾರ್ಟ್‌ಮೆಂಟಿನಲ್ಲಿದ್ದರೆ ಪ್ರತಿ ಮನೆಗೂ ಪ್ರತ್ಯೇಕ ಮೀಟರ್ ಬೇಕೆಂದು ಸಭೆಯಲ್ಲಿ ಪ್ರಸ್ತಾಪಿಸಿ. ಒಟ್ಟು ಬಿಲ್ಲನ್ನು ಸಮನಾಗಿ ಹಂಚಿಕೊಳ್ಳುವ ಕಡೆ ಉಳಿಸಿದವರಿಗೂ ಪೋಲು ಮಾಡಿದವರಿಗೂ ಒಂದೇ ಲೆಕ್ಕ, ಅಲ್ಲಿ ಉಳಿತಾಯ ಹೆಚ್ಚು ದಿನ ನಿಲ್ಲುವುದಿಲ್ಲ.

ರಸ್ತೆಯಲ್ಲಿ ಕೊಳವೆ ಒಡೆದದ್ದು ಕಂಡರೆ ಫೋಟೊ ತೆಗೆಯಿರಿ. ಹತ್ತಿರದ ಗುರುತು, ನೀವು ನೋಡಿದ ಹೊತ್ತು, ನೀರು ಜಿನುಗುತ್ತಿದೆಯೋ ಚಿಮ್ಮುತ್ತಿದೆಯೋ ಎಂಬುದನ್ನು ಬರೆದು ದೂರು ಕೊಡಿ, ದೂರಿನ ಸಂಖ್ಯೆ ಕೇಳಿ ಪಡೆಯಿರಿ. ಬೇರೆ ಯಾರಾದರೂ ಹೇಳಿರುತ್ತಾರೆ ಎಂದುಕೊಂಡು ಮುಂದೆ ಹೋಗಬೇಡಿ. ಮರುದಿನವೂ ಹರಿಯುತ್ತಿದ್ದರೆ ಅದೇ ಸಂಖ್ಯೆ ಹಿಡಿದು ಮತ್ತೆ ಕರೆ ಮಾಡಿ.